ಟೈಲ್ಸ್ ತರುವ ಮುಂಚೆ, ಬೇಲಿ ಹಾಕಿಸುವ ಮುಂಚೆ

ಮಂಡ್ಯದ ನಮ್ಮ ಮನೆಯ ಹಾಲ್ 12ಕ್ಕೆ 16 ಅಡಿ. ಟೈಲ್ಸ್ ಹಾಕಿಸುವಾಗ ನಾನೇ ಲೆಕ್ಕ ಮಾಡಿದ್ದೆ. ಒಟ್ಟು 192 ಚದರ ಅಡಿ. ಎರಡಡಿ ಟೈಲ್ಸ್ ಬಾಕ್ಸಿಗೆ ನಾಲ್ಕು, ಅಂದರೆ 16 ಚದರ ಅಡಿ. ಹನ್ನೆರಡು ಬಾಕ್ಸ್ ಸಾಕು ಅಂತ ತರಿಸಿದೆ. ಕೆಲಸ ಮುಗಿಯುವ ಮುಂಚೆಯೇ ಟೈಲ್ಸ್ ಖಾಲಿ. ಮತ್ತೆ ಅಂಗಡಿಗೆ ಹೋದರೆ ಆ ಲಾಟ್, ಅಂದರೆ ಒಂದೇ ಸಲ ತಯಾರಾದ ಮಾಲು, ಮುಗಿದಿತ್ತು. ಇವತ್ತಿಗೂ ಬಾಗಿಲ ಹತ್ತಿರ ಬಣ್ಣ ಒಂಚೂರು ಬೇರೆ ಕಾಣುತ್ತದೆ.

ಎರಡಡಿ ಅನ್ನುವ ಟೈಲ್ ನಿಜವಾಗಿ 60 ಸೆಂಟಿಮೀಟರ್. ಎರಡಡಿಗೆ ಸ್ವಲ್ಪ ಕಮ್ಮಿ. ಹಾಗಾಗಿ ನಾಲ್ಕು ಟೈಲ್ಸ್ ಸೇರಿದರೂ ಬರುವುದು 15.5 ಚದರ ಅಡಿ. ನೆಲಕ್ಕೇ ಹನ್ನೆರಡೂವರೆ ಬಾಕ್ಸ್ ಆಯಿತು. ಗೋಡೆಯ ಬುಡಕ್ಕೆ ಸ್ಕರ್ಟಿಂಗ್ ಬೇಕಲ್ವಾ? ಅದನ್ನು ನಾನು ಮರೆತೇ ಬಿಟ್ಟಿದ್ದೆ. ಅದು ನೆಲದ ಲೆಕ್ಕವಲ್ಲ, ಸುತ್ತಳತೆಯ ಲೆಕ್ಕ. ಹಾಲಿನ ಸುತ್ತ 56 ಅಡಿ, ಬಾಗಿಲ ಮೂರಡಿ ಕಳೆದರೆ 53. ನಾಲ್ಕಿಂಚಿಗೆ ಒಂಚೂರು ಕಮ್ಮಿ ಅಗಲದ ಪಟ್ಟಿ ಆದರೆ ಒಂದು ಟೈಲ್‌ನಲ್ಲಿ ಆರು ಪಟ್ಟಿ ಸಿಗುತ್ತವೆ, ಒಟ್ಟು ಐದು ಟೈಲ್ಸ್ ಬೇಕು. ಕತ್ತರಿಸುವಾಗ ಒಡೆಯುವುದಕ್ಕೆ ನೂರಕ್ಕೆ ಹತ್ತು ಜಾಸ್ತಿ ಇಟ್ಟುಕೊಳ್ಳಿ. ಒಟ್ಟು 60 ಟೈಲ್ಸ್‌ಗೂ ಸ್ವಲ್ಪ ಜಾಸ್ತಿ, ಹಾಗಾಗಿ ನಾನು ತರಬೇಕಿದ್ದದ್ದು 16 ಬಾಕ್ಸ್. ಎಲ್ಲಾ ಒಂದೇ ಸಲ, ಒಂದೇ ಲಾಟಿನಲ್ಲಿ ತನ್ನಿ.

ಗೋಡೆಗೆ ಬಣ್ಣ ಹೊಡೆಸುವಾಗಲೂ ಸುತ್ತಳತೆ ಬೇಕು. 10ಕ್ಕೆ 12ರ ರೂಮಿನ ಸುತ್ತ 44 ಅಡಿ, ಎತ್ತರ 10 ಆದರೆ ಗೋಡೆ 440 ಚದರ ಅಡಿ. ತಾರಸಿಯ ಕೆಳಭಾಗ 120, ಅದು ಬೇರೆ. ಬಾಗಿಲು, ಕಿಟಕಿ ಕಳೆಯುತ್ತಾರಾ ಅಂತ ಪೇಂಟರ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಸೈಟು ನೋಡುವವರು ಒಂದು ವಿಷಯ ಗಮನಿಸಿ. 30ಕ್ಕೆ 40ರ ಸೈಟೂ 1200 ಚದರ ಅಡಿ, 20ಕ್ಕೆ 60ರದ್ದೂ ಅಷ್ಟೇ. ಆದರೆ ಕಾಂಪೌಂಡ್ ಮೊದಲನೆಯದಕ್ಕೆ 140 ಅಡಿ, ಎರಡನೆಯದಕ್ಕೆ 160. ಚದರ ಅಡಿಗೆ ಒಂದೇ ರೇಟ್ ಕೊಟ್ಟು ಕೊಂಡರೂ ಗೋಡೆಗೆ 20 ಅಡಿ ದುಡ್ಡು ಜಾಸ್ತಿ ಬೀಳುತ್ತದೆ.

ಹೊಲದಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಗುಂಟೆ ಅಂದರೆ 33ಕ್ಕೆ 33 ಅಡಿ, ನಲವತ್ತು ಗುಂಟೆಗೆ ಒಂದು ಎಕರೆ. ಐದು ಗುಂಟೆ ಅಗಲ, ಎಂಟು ಗುಂಟೆ ಉದ್ದ, ಅಂದರೆ 165ಕ್ಕೆ 264 ಅಡಿ ಇದ್ದರೆ ಸುತ್ತ 858 ಅಡಿ. ನಮ್ಮ ಕಡೆ ಭಾಗ ಮಾಡುವಾಗ ಎಲ್ಲರ ಪಾಲಿಗೂ ನಾಲೆ ನೀರು ಸಿಗಲಿ ಅಂತ ಉದ್ದುದ್ದ ಸೀಳುತ್ತಾರೆ. ಅದು ನ್ಯಾಯವೇ. ಆದರೆ ಎರಡು ಗುಂಟೆ ಅಗಲ, ಇಪ್ಪತ್ತು ಗುಂಟೆ ಉದ್ದದ ಪಟ್ಟಿ ಆದರೆ ಅದೇ ಒಂದು ಎಕರೆಗೆ ಸುತ್ತ 1452 ಅಡಿ! ಹತ್ತಡಿಗೊಂದು ಕಲ್ಲುಕಂಬ ಅಂದರೆ 86ರ ಜಾಗದಲ್ಲಿ 145 ಬೇಕು. ಐದು ಎಳೆ ಮುಳ್ಳುತಂತಿ ಎಳೆಸಿದರೆ ಸುಮಾರು ಮೂರು ಸಾವಿರ ಅಡಿ ತಂತಿ ಹೆಚ್ಚು.

ಅದಕ್ಕೇ ಅಣ್ಣತಮ್ಮಂದಿರು ಬೇಲಿಯನ್ನಾದರೂ ಒಟ್ಟಿಗೆ ಹಾಕಿಸಿಕೊಳ್ಳಿ ಅಂತ ನಾನು ಹೇಳುತ್ತೇನೆ. ಅಕ್ಕಪಕ್ಕದ ಎರಡು ಪಟ್ಟಿಗೆ ಹೊರಗಿನ ಸುತ್ತು ಮಾತ್ರ ಹಾಕಿದರೆ 1584 ಅಡಿ, ಒಬ್ಬೊಬ್ಬರಿಗೆ 792. ನಡುವೆ ಬದು ಹೇಗೂ ಇರುತ್ತದೆ, ಗುರುತಿಗೆ ನಾಲ್ಕು ಕಲ್ಲು ನೆಟ್ಟುಕೊಳ್ಳಿ.