ಲೈಬ್ರರಿ ಸಿಗುತ್ತಿಲ್ಲ ಅಂತ ಪ್ರೋಗ್ರಾಂ ನಿಂತರೆ, ಲೋಡರನ್ನೇ ಕೇಳಿ

ಲಿನಕ್ಸ್‌ನಲ್ಲಿ ಯಾವುದೋ ಪ್ರೋಗ್ರಾಂ ಇಳಿಸಿಕೊಂಡು ಟರ್ಮಿನಲ್‌ನಿಂದ ಓಡಿಸುತ್ತೀರಿ. ಅದು ತೆರೆಯುವುದೇ ಇಲ್ಲ. ‘ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್’ ಎಂಬ ಒಂದು ಸಾಲು, ಅದರ ಪಕ್ಕ ಒಂದು ಫೈಲಿನ ಹೆಸರು, ಅಷ್ಟೇ. ಆ ಫೈಲೇ ಲೈಬ್ರರಿ, ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್. ಉಬುಂಟು 20.04ರಿಂದ 22.04ಕ್ಕೆ ಬಂದ ಬಹಳ ಜನರಿಗೆ ಅಲ್ಲಿ ಕಂಡ ಹೆಸರು ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1. ಅದು ಡೇಟಾವನ್ನು ಗೂಢಲಿಪಿಗೆ ತಿರುಗಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯ ಫೈಲ್. 22.04ರಲ್ಲಿ ಓಪನ್‌ಎಸ್‌ಎಸ್‌ಎಲ್ 3 ಬಂತು, ಹಳೆಯ 1.1 ಹೋಯಿತು, ಅದನ್ನೇ ನೆಚ್ಚಿಕೊಂಡಿದ್ದ ಪ್ರೋಗ್ರಾಂಗಳೆಲ್ಲ ನಿಂತವು.

ಆಗ ತುಂಬ ಜನ ಏನು ಮಾಡುತ್ತಾರೆ ಅಂದರೆ, ಹೊಸ ಎಸ್‌ಒ.3 ಫೈಲಿಗೇ 1.1 ಎಂಬ ಹೆಸರಿನಲ್ಲಿ ಒಂದು ಸಿಮ್‌ಲಿಂಕ್, ಅಂದರೆ ಆ ಫೈಲಿನತ್ತ ಕೈ ತೋರಿಸುವ ಇನ್ನೊಂದು ಹೆಸರು, ಹಾಕಿಬಿಡುತ್ತಾರೆ. ದಯವಿಟ್ಟು ಬೇಡ. ಹಳೆಯ ಪ್ರೋಗ್ರಾಂಗೆ ಹೊಸ ಲೈಬ್ರರಿ ಹೊಂದುವುದಿಲ್ಲ ಎಂದು ಹೇಳುವುದಕ್ಕೇ ಆ ಸಂಖ್ಯೆ ಬದಲಾಗಿರುವುದು. ಸಿಮ್‌ಲಿಂಕ್ ಹಾಕಿದರೆ ಫೈಲೇನೋ ಸಿಗುತ್ತದೆ, ಆದರೆ ಬೇಕಾದ ವರ್ಷನ್ ಇಲ್ಲ ಎಂಬ ಇನ್ನೊಂದು ಎರರ್ ಬರುತ್ತದೆ.

ಅಸಲಿಗೆ ಲೈಬ್ರರಿ ಹುಡುಕುವುದು ಪ್ರೋಗ್ರಾಂ ಅಲ್ಲ. ಅದರ ಕೋಡ್ ಶುರುವಾಗುವ ಮೊದಲೇ ಡೈನಾಮಿಕ್ ಲೋಡರ್ ಎಂಬ ಸಣ್ಣ ಪ್ರೋಗ್ರಾಂ ಬಂದು, ಏನೇನು ಬೇಕು ಎಂಬ ಪಟ್ಟಿ ಓದಿ, ಒಂದೊಂದನ್ನೇ ಮೆಮೊರಿಗೆ ತರುತ್ತದೆ. ಹಾಗಾಗಿ ನಾವು ಕೇಳಬೇಕಾದ್ದು ಅದನ್ನು.

ಮೊದಲು ಎಲ್‌ಡಿಡಿ ಎಂಬ ಕಮಾಂಡ್ ಕೊಟ್ಟು ಪಕ್ಕದಲ್ಲಿ ಪ್ರೋಗ್ರಾಂನ ಪೂರ್ತಿ ಪಾತ್ ಬರೆಯಿರಿ. ಯಾವ ಲೈಬ್ರರಿ ಎಲ್ಲಿಂದ ಬರುತ್ತಿದೆ ಎಂದು ಸಾಲಾಗಿ ಬರುತ್ತದೆ. ಸಿಗದ್ದರ ಮುಂದೆ ‘ನಾಟ್ ಫೌಂಡ್’ ಎಂದಿರುತ್ತದೆ. ಒಂದು ಎಚ್ಚರಿಕೆ: ಎಲ್‌ಡಿಡಿ ಕೆಲವೊಮ್ಮೆ ಆ ಪ್ರೋಗ್ರಾಂ ಅನ್ನೇ ಓಡಿಸಿಬಿಡಬಹುದು. ಎಲ್ಲಿಂದಲೋ ಬಂದ, ನಂಬಿಕೆ ಇಲ್ಲದ ಫೈಲಾದರೆ ಇದರ ಬದಲು ರೀಡ್‌ಎಲ್ಫ್ ಕಮಾಂಡನ್ನು ಮೈನಸ್ ಡಿ ಜೊತೆ ಬಳಸಿ. ಅದು ಸುಮ್ನೆ ಪಟ್ಟಿ ಓದಿ ಹೇಳುತ್ತದೆ, ಏನನ್ನೂ ಓಡಿಸುವುದಿಲ್ಲ.

ಹೆಸರು ಗೊತ್ತಾಯಿತು. ಆ ಫೈಲ್ ನಿಮ್ಮ ಡಿಸ್ಕಿನಲ್ಲಿ ಇದೆಯೇ? ಫೈಂಡ್ ಕಮಾಂಡಿನಿಂದ ನೋಡಿ. ಇಲ್ಲದಿದ್ದರೆ ಯಾವ ಪ್ಯಾಕೇಜಿನಲ್ಲಿದೆ ಎಂದು ಉಬುಂಟುನಲ್ಲಿ ಆಪ್ಟ್‌-ಫೈಲ್, ಫೆಡೋರಾದಲ್ಲಿ ಡಿಎನ್‌ಎಫ್ ಪ್ರೊವೈಡ್ಸ್ ಹೇಳುತ್ತವೆ. ಓಪನ್‌ಎಸ್‌ಎಸ್‌ಎಲ್ ವಿಷಯದಲ್ಲಿ ಮಾತ್ರ ಹಳೆಯದನ್ನು ಹುಡುಕಿ ಹಾಕುವುದಕ್ಕಿಂತ ಪ್ರೋಗ್ರಾಂನ ಹೊಸ ಆವೃತ್ತಿ ತರುವುದೇ ಸರಿ. 1.1.1ಕ್ಕೆ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್‌ನಲ್ಲೇ ಮುಗಿದಿದೆ.

ಫೈಲ್ ಕಣ್ಣೆದುರೇ ಇದೆ, ಆದರೂ ‘ನಾಟ್ ಫೌಂಡ್’ ಅನ್ನುತ್ತಿದೆ. ತಲೆ ಕೆಡುವುದು ಇಲ್ಲೇ ಅಲ್ವಾ? ಲೋಡರ್ ಡಿಸ್ಕನ್ನೆಲ್ಲ ಜಾಲಾಡುವುದಿಲ್ಲ, ಅದಕ್ಕೆ ಒಂದು ಕ್ರಮ ಇದೆ. ಪ್ರೋಗ್ರಾಂನೊಳಗೆ ಹಳೆಯ ಬಗೆಯ ಆರ್‌ಪಾತ್ (ಎಲ್ಲಿ ಹುಡುಕಬೇಕು ಎಂಬ ಫೋಲ್ಡರ್ ಪಟ್ಟಿ) ಬರೆದಿದ್ದರೆ ಮೊದಲು ಅದು. ಆಮೇಲೆ ಎಲ್‌ಡಿ_ಲೈಬ್ರರಿ_ಪಾತ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದರೆ ಟರ್ಮಿನಲ್‌ನಲ್ಲಿ ನಾವು ಇಡುವ ಸೆಟ್ಟಿಂಗ್. ಆಮೇಲೆ ಆರ್‌ಪಾತ್‌ನ ಹೊಸ ರೂಪವಾದ ರನ್‌ಪಾತ್. ನಂತರ ಎಲ್‌ಡಿಕಾನ್ಫಿಗ್ ಎಂಬ ಕಮಾಂಡ್ ಮೊದಲೇ ಕಟ್ಟಿಟ್ಟ ಲೈಬ್ರರಿಗಳ ಪಟ್ಟಿ (ಕ್ಯಾಶೆ), ಕೊನೆಗೆ ಲಿಬ್ ಮತ್ತು ಯುಎಸ್‌ಆರ್ ಲಿಬ್‌ನಂಥ ಮಾಮೂಲಿ ಫೋಲ್ಡರ್‌ಗಳು. ಆರ್‌ಪಾತ್, ರನ್‌ಪಾತ್ ಎರಡೂ ಇದ್ದರೆ ಆರ್‌ಪಾತ್‌ಗೆ ಬೆಲೆ ಇಲ್ಲ. ವಿಂಡೋಸ್‌ನಿಂದ ಬಂದವರು ಗಮನಿಸಿ: ಲೈಬ್ರರಿ ಪ್ರೋಗ್ರಾಂನ ಪಕ್ಕದಲ್ಲೇ ಇದೆ ಅಂದ ಮಾತ್ರಕ್ಕೆ ಲಿನಕ್ಸ್ ಅತ್ತ ನೋಡುವುದಿಲ್ಲ.

ಇದೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಎಲ್‌ಡಿ_ಡೀಬಗ್ ಎಂಬ ವೇರಿಯಬಲ್‌ಗೆ ಲಿಬ್ಸ್ ಎಂಬ ಬೆಲೆ ಕೊಟ್ಟು, ಅದೇ ಸಾಲಿನಲ್ಲಿ ಪ್ರೋಗ್ರಾಂ ಓಡಿಸಿ. ವೇರಿಯಬಲ್ ಹೆಸರು ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಬೆಲೆ ಸಣ್ಣಕ್ಷರದಲ್ಲಿ ಇರಬೇಕು. ಲೋಡರ್ ಯಾವ ಯಾವ ಫೋಲ್ಡರ್‌ಗೆ ಹೋಯಿತು, ಯಾವ ಫೈಲನ್ನು ತೆರೆಯಲು ನೋಡಿತು ಎಂದು ಒಂದೊಂದಾಗಿ ಒಪ್ಪಿಸುತ್ತದೆ. ಓಡುತ್ತಿರುವಾಗ ಪ್ರೋಗ್ರಾಂ ತಾನೇ ಕರೆಸಿಕೊಳ್ಳುವ ಪ್ಲಗಿನ್‌ಗಳು ಎಲ್‌ಡಿಡಿ ಪಟ್ಟಿಯಲ್ಲಿ ಬರುವುದೇ ಇಲ್ಲ, ಅವೂ ಇಲ್ಲಿ ಕಾಣುತ್ತವೆ. ನನ್ನನ್ನು ಕೇಳಿದರೆ ಒಂದು ಗಂಟೆ ಗೂಗಲ್ ಮಾಡುವುದಕ್ಕಿಂತ ಇದರಿಂದ ಜಾಸ್ತಿ ಉಪಯೋಗ.

ಇನ್ನು ರಿಪೇರಿ. ಸೋರ್ಸ್‌ನಿಂದ ಕಂಪೈಲ್ ಮಾಡಿ ಯುಎಸ್‌ಆರ್ ಲೋಕಲ್ ಲಿಬ್‌ಗೆ ಹಾಕಿದ್ದರೆ, ಉಬುಂಟುನಲ್ಲಿ ಸಾಮಾನ್ಯವಾಗಿ ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಜೊತೆ ಎಲ್‌ಡಿಕಾನ್ಫಿಗ್ ಓಡಿಸಿದರೆ ಸಾಕು. ಫೆಡೋರಾದಲ್ಲಿ ಆ ಫೋಲ್ಡರ್ ಪಟ್ಟಿಯಲ್ಲೇ ಇರುವುದಿಲ್ಲ. ಇಟಿಸಿ ಒಳಗಿನ ಎಲ್‌ಡಿ.ಎಸ್‌ಒ.ಕಾನ್ಫ್.ಡಿ ಫೋಲ್ಡರ್‌ನಲ್ಲಿ ಅದರ ಪಾತ್ ಬರೆದ ಒಂದು ಫೈಲ್ ಇಟ್ಟು, ಆಮೇಲೆ ಎಲ್‌ಡಿಕಾನ್ಫಿಗ್ ಓಡಿಸಬೇಕು. ಫೈಲಿನ ಹೆಸರು ಕಾನ್ಫ್ ಎಂದೇ ಮುಗಿಯಬೇಕು.

ಎಲ್‌ಡಿ_ಲೈಬ್ರರಿ_ಪಾತ್ ಪರೀಕ್ಷೆ ಮಾಡಿ ನೋಡಲು ಚೆನ್ನ. ಟರ್ಮಿನಲ್ ತೆರೆದಾಗಲೆಲ್ಲ ಓದುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಅದನ್ನು ಬರೆದು ಮರೆತರೆ ಮಾತ್ರ, ಆ ಟರ್ಮಿನಲ್‌ನಿಂದ ಓಡುವ ಬೇರೆ ಪ್ರೋಗ್ರಾಂಗಳಿಗೂ ತಪ್ಪು ಲೈಬ್ರರಿ ಸಿಗಬಹುದು. ಸುಡೋ ಹಾಕಿದಾಗ ಅದು ಕೆಲಸಕ್ಕೂ ಬರುವುದಿಲ್ಲ, ಭದ್ರತೆಗಾಗಿ ಅದನ್ನು ಅಲ್ಲೇ ತೆಗೆದುಹಾಕುತ್ತಾರೆ. ನೀವೇ ಪ್ರೋಗ್ರಾಂ ಬರೆದು ಹಂಚುವವರಾದರೆ ಲಿಂಕ್ ಮಾಡುವಾಗಲೇ ರನ್‌ಪಾತ್‌ನಲ್ಲಿ ಡಾಲರ್ ಚಿಹ್ನೆ ಹಾಕಿ ಒರಿಜಿನ್ ಎಂದು ಬರೆಯಿರಿ. ಪ್ರೋಗ್ರಾಂ ಇರುವ ಫೋಲ್ಡರ್ ಅಂತ ಅದರ ಅರ್ಥ. ಸಿಂಗಲ್ ಕೋಟ್ ಮರೆತರೆ ಶೆಲ್ ಅದನ್ನು ನುಂಗಿಬಿಡುತ್ತದೆ. ಕಂಪೈಲ್ ಆಗಿಹೋಗಿದ್ದರೆ ಪ್ಯಾಚ್‌ಎಲ್ಫ್ ಎಂಬ ಟೂಲ್‌ನಿಂದ ಆಮೇಲೂ ಸೇರಿಸಬಹುದು.

ಕೆಲವೊಮ್ಮೆ ಪ್ರೋಗ್ರಾಂ ಇದ್ದರೂ ‘ನೋ ಸಚ್ ಫೈಲ್’ ಎಂದು ಪ್ರೋಗ್ರಾಂನ ಹೆಸರನ್ನೇ ಹೇಳುತ್ತದೆ. ಆಗ ಕಾಣೆಯಾಗಿರುವುದು ಲೋಡರ್ ಆಗಿರಬಹುದು. 64 ಬಿಟ್ ಸಿಸ್ಟಂನಲ್ಲಿ 32 ಬಿಟ್ ಪ್ರೋಗ್ರಾಂ ಓಡಿಸಿದಾಗ, ಇಲ್ಲವೇ ಉಬುಂಟುನಲ್ಲಿ ಕಟ್ಟಿದ್ದನ್ನು ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನ ಕಂಟೇನರ್‌ಗೆ (ಪ್ರತ್ಯೇಕವಾಗಿ ಓಡುವ ಪೆಟ್ಟಿಗೆಗೆ) ಹಾಕಿದಾಗ ಹೀಗಾಗಬಹುದು. ಫೈಲ್ ಎಂಬ ಕಮಾಂಡ್ ಕೊಟ್ಟರೆ ಅದಕ್ಕೆ ಯಾವ ಲೋಡರ್ ಬೇಕು ಎಂದು ಗೊತ್ತಾಗುತ್ತದೆ.

‘ಜಿಲಿಬ್‌ಸಿ 2.34 ನಾಟ್ ಫೌಂಡ್’ ಎಂದು ಬಂದರೆ ಕತೆ ಬೇರೆ. ಜಿಲಿಬ್‌ಸಿ ಅಂದರೆ ಉಬುಂಟು, ಫೆಡೋರಾಗಳಲ್ಲಿ ಬಹುತೇಕ ಪ್ರೋಗ್ರಾಂಗಳಿಗೆ ಬೇಕಾಗುವ ಮೂಲ ಲೈಬ್ರರಿ. ಪ್ರೋಗ್ರಾಂ ಹೊಸ ಸಿಸ್ಟಂನಲ್ಲಿ ಕಟ್ಟಿದ್ದು, ನಿಮ್ಮದು ಹಳೆಯದು, ಉಬುಂಟು 20.04ರಲ್ಲಿರುವುದು 2.31. ಬೇರೆ ಕಡೆಯಿಂದ ಜಿಲಿಬ್‌ಸಿ ತಂದು ಸಿಸ್ಟಂ ಫೋಲ್ಡರ್‌ಗೆ ಸುರಿಯಬೇಡಿ, ಎಲ್‌ಎಸ್ ಕಮಾಂಡ್ ಕೂಡ ಓಡದ ಸ್ಥಿತಿ ಬರಬಹುದು. ಹಳೆಯ ಸಿಸ್ಟಂಗೆಂದೇ ಕಟ್ಟಿದ ಆವೃತ್ತಿ ಇದೆಯೇ ನೋಡಿ, ಇಲ್ಲದಿದ್ದರೆ ಹೊಸ ಉಬುಂಟುವಿನ ಕಂಟೇನರ್ ಒಳಗೆ ಓಡಿಸಿ.