ಮೂಲೆಯ ಕಸದ ಗುಡ್ಡೆ: ಎತ್ತುವ ಮೊದಲು ಒಂದು ವಾರ ನೋಡಿ

ಬೆಂಗಳೂರಿನ ಬಹುಪಾಲು ಬೀದಿಗಳಿಗೆ ಇಂಥದೊಂದು ಮೂಲೆ ಇದ್ದೇ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಕೆಳಗೆ, ಖಾಲಿ ಸೈಟಿನ ಮುಂದೆ, ಮೋರಿಯ ಪಕ್ಕ, ಇಲ್ಲವೇ ಎರಡು ವಾರ್ಡು ಕೂಡುವ ಕಡೆ. ಪಾಲಿಕೆಯವರ ಬಾಯಲ್ಲಿ ಅದು ‘ಬ್ಲಾಕ್ ಸ್ಪಾಟ್’. ಭಾನುವಾರ ಹತ್ತು ಜನ ಸೇರಿ ಗುಡಿಸಿ, ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುತ್ತಾರೆ. ಬುಧವಾರಕ್ಕೆ ಗುಡ್ಡೆ ಮತ್ತೆ ಎದ್ದಿರುತ್ತದೆ. ಶ್ರಮಕ್ಕೆ ಕೊರತೆಯಿಲ್ಲ, ಕೆಲಸ ಹಿಡಿದ ಕ್ರಮ ಹಿಂದುಮುಂದಾಗಿದೆ. ಗುಡಿಸುವುದು ಇದರಲ್ಲಿ ಕಾಲು ಭಾಗ ಮಾತ್ರ. ಅಲ್ಲಿ ಯಾರು, ಯಾವ ಹೊತ್ತಿಗೆ, ಯಾಕೆ ಹಾಕುತ್ತಾರೆ ಎಂದು ತಿಳಿದು ಅವರಿಗೆ ಬೇರೆ ದಾರಿ ಮಾಡಿಕೊಡುವುದು ಉಳಿದ ಮುಕ್ಕಾಲು.

ಇದಕ್ಕೆ ಹುದ್ದೆ, ಪಕ್ಷ, ಸಂಘದ ಲೆಟರ್‌ಹೆಡ್ ಯಾವುದೂ ಬೇಡ. 2010ರಲ್ಲಿ ಶುರುವಾದ ‘ದಿ ಅಗ್ಲಿ ಇಂಡಿಯನ್’ ಗುಂಪಿನವರು ಹೆಸರನ್ನೂ ಮುಖವನ್ನೂ ತೋರಿಸದೆ ಚರ್ಚ್ ಸ್ಟ್ರೀಟಿನಿಂದ ಆರಂಭಿಸಿ ಇಂಥ ಮೂಲೆಗಳನ್ನು ಸರಿಮಾಡುತ್ತ ಬಂದರು. ಒಂದು ಮೂಲೆಗೆ ನಾಲ್ಕು ಜನ, ಎರಡು ತಿಂಗಳ ಬಿಡುವು, ಸ್ವಲ್ಪ ಹಣ ಇದ್ದರೆ ಆಗುತ್ತದೆ.

ನೋಡುವ ವಾರ

ಏಳು ದಿನ, ದಿನಕ್ಕೆ ಎರಡು ಪಾಳಿ: ಬೆಳಿಗ್ಗೆ 5:30ರಿಂದ 7:30, ರಾತ್ರಿ 9ರಿಂದ 11. ಹೆಚ್ಚಿನ ಕವರ್‌ಗಳು ಬೀಳುವುದು ಈ ಎರಡು ಹೊತ್ತಿನಲ್ಲೇ. ಗಂಟೆ, ಕಸದ ಬಗೆ (ಅಡುಗೆಮನೆಯದು, ಒಣ ಕಸ, ಕೋಳಿ ಅಂಗಡಿಯದು, ಎಳನೀರು ಬುರುಡೆ, ಕಟ್ಟಡದ ಇಟ್ಟಿಗೆ ಚೂರು), ತಂದವರು ನಡೆದು ಬಂದರೇ ಗಾಡಿಯಲ್ಲೇ, ಇಷ್ಟನ್ನು ಬರೆದುಕೊಳ್ಳಿ. ಹೆಸರು ಬರೆಯಬೇಡಿ, ಮೊಬೈಲ್ ಎತ್ತಬೇಡಿ, ಜಗಳಕ್ಕೆ ಇಳಿಯಬೇಡಿ. ಫೋಟೊ ತೆಗೆದರೆ ಮಾರನೆಯ ದಿನ ಅವರು ಇನ್ನೊಂದು ಮೂಲೆಗೆ ಹೋಗುತ್ತಾರೆ. ಗುಡ್ಡೆ ಎರಡಾಗುತ್ತದೆ, ನಿಮಗೆ ತಿಳಿಯಬೇಕಿದ್ದದ್ದು ತಿಳಿಯದೇ ಉಳಿಯುತ್ತದೆ.

ವಾರದ ಕೊನೆಗೆ ಪುಸ್ತಕ ತಿರುವಿದರೆ ಬಹುಮಟ್ಟಿಗೆ ಇವರೇ ಸಿಗುತ್ತಾರೆ. ಕಸದ ಗಾಡಿ ಬರುವ ಹೊತ್ತಿಗೆ ಮನೆಯಲ್ಲಿ ಇರದ ಪಿ.ಜಿ. ಹುಡುಗರು, ಇಬ್ಬರೂ ದುಡಿಯುವ ದಂಪತಿ, ರಾತ್ರಿ ಪಾಳಿಯ ಸೆಕ್ಯುರಿಟಿಯವರು. ಮಾಲೀಕರ ಮನೆಯ ಕವರನ್ನು ‘ಹೋಗ್ತಾ ಹಾಕ್ಬಿಡು’ ಎನ್ನಿಸಿಕೊಂಡು ಹಿಡಿದು ಬರುವ ಮನೆಗೆಲಸದ ಹೆಂಗಸರು; ಇಲ್ಲಿ ಮಾತಾಡಬೇಕಾದದ್ದು ಮಾಲೀಕರ ಹತ್ತಿರ. ಬಜ್ಜಿ ಗಾಡಿ, ಎಳನೀರು, ಕೋಳಿ ಅಂಗಡಿ. ಕಸ ಒಯ್ಯುವ ಆಟೋ ಟಿಪ್ಪರ್ ಒಳಗೆ ತಿರುಗಲಾಗದ ವಠಾರ ಮತ್ತು ಶೀಟ್ ಮನೆಗಳ ಓಣಿ. ಬೇರೆ ಬಡಾವಣೆಯಿಂದ ಬೈಕಿನಲ್ಲಿ ಬಂದು, ಬ್ರೇಕನ್ನೂ ಹಿಡಿಯದೆ ಬೀಸಿ ಹೋಗುವವರು.

ಇನ್ನೊಂದನ್ನು ತಪ್ಪದೆ ನೋಡಿ. ಕೆಲವು ಮೂಲೆಗಳು ಪೌರಕಾರ್ಮಿಕರು ಗುಡಿಸಿದ ಎಲೆ, ಮಣ್ಣನ್ನು ಒಟ್ಟುಹಾಕುವ ಜಾಗ, ಅಥವಾ ಟಿಪ್ಪರ್‌ನಿಂದ ದೊಡ್ಡ ಲಾರಿಗೆ ಕಸ ತುಂಬುವ ಜಾಗ. ಹಾಗಿದ್ದರೆ ಬಣ್ಣ, ರಂಗೋಲಿ ಎಲ್ಲ ದಂಡ. ಪೌರಕಾರ್ಮಿಕರ ಕೆಲಸ ನೋಡಿಕೊಳ್ಳುವ ಮೇಸ್ತ್ರಿಯ ಜೊತೆ ಕೂತು ಆ ಜಾಗವನ್ನು ಬದಲಿಸುವುದೊಂದೇ ಉಪಾಯ.

ಯಾರ ಹತ್ತಿರ, ಹೇಗೆ ಮಾತಾಡುವುದು

ಮೊದಲ ಮಾತು ಪೌರಕಾರ್ಮಿಕರ ಜೊತೆ. ಬೆಳಗಿನ ಹಾಜರಿ ಹಾಕುವ ಕಡೆ ಹೋಗಿ. ಹಲವರ ಮನೆಮಾತು ತೆಲುಗು, ನಿಮ್ಮಲ್ಲೊಬ್ಬರಿಗೆ ನಾಲ್ಕು ಮಾತು ಬಂದರೆ ಒಳ್ಳೆಯದು. ‘ಅಕ್ಕ, ಗಾಡಿ ಯಾವ ಓಣಿಗೆ ಹೋಗೋದಿಲ್ಲ, ಯಾಕೆ?’ ಎಂದು ಕೇಳಿ ಸುಮ್ಮನಾಗಿ. ತಿರುಗಿಸಲು ಜಾಗವಿಲ್ಲ, ಹೆಲ್ಪರ್ ಬಂದಿಲ್ಲ, ಒಂಬತ್ತಕ್ಕೇ ಗಾಡಿ ತುಂಬುತ್ತದೆ, ಬೆರಕೆ ಕಸ ಒಯ್ದರೆ ವಿಲೇವಾರಿ ಜಾಗದಲ್ಲಿ ಇಳಿಸಿಕೊಳ್ಳುವುದಿಲ್ಲ: ಇಂಥ ಉತ್ತರಗಳು ಬರುತ್ತವೆ. ಒಂದು ಎಚ್ಚರ. ಬಾಟಲಿ, ರಟ್ಟು ಮಾರಿ ಬರುವ ಪುಡಿಕಾಸು ಎಷ್ಟೋ ಕಡೆ ಆ ಹೆಲ್ಪರ್‌ಗೆ ಆಸರೆ. ‘ಒಣ ಕಸವನ್ನು ನಾವೇ ಗುಜರಿಗೆ ಹಾಕುತ್ತೇವೆ’ ಎಂದು ನೀವು ಸಾರಿದರೆ ನಾಳೆಯಿಂದ ಗಾಡಿ ನಿಮ್ಮ ಬೀದಿಯಲ್ಲಿ ನಿಲ್ಲುವ ಹೊತ್ತು ಅರ್ಧಕ್ಕೆ ಇಳಿಯುತ್ತದೆ.

ಆಮೇಲೆ ಮನೆಮನೆ. ಸಂಜೆ 6:30ರಿಂದ 8. ಧಾರಾವಾಹಿ ಹೊತ್ತು ಎಂದು ಗೊಣಗುತ್ತಾರೆ, ಆದರೆ ಬಾಗಿಲು ತೆರೆಯಲು ಮನೆಯಲ್ಲಿ ಜನ ಇರುವುದೂ ಆಗಲೇ. ಇಬ್ಬಿಬ್ಬರಾಗಿ ಹೋಗಿ: ಒಬ್ಬರು ಕನ್ನಡದವರು, ಇನ್ನೊಬ್ಬರು ಆ ಸಾಲಿನಲ್ಲಿ ನಡೆಯುವ ಮಾತಿನವರು, ತಮಿಳೋ ಉರ್ದುವೋ ಹಿಂದಿಯೋ. ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಲಿ. ಹೇಳಬೇಕಾದದ್ದು ಒಂದೇ ವಾಕ್ಯ: ಗಾಡಿ ಎಷ್ಟು ಹೊತ್ತಿಗೆ, ಯಾವ ಮನೆ ಮುಂದೆ ನಿಲ್ಲುತ್ತದೆ. ಸ್ವಚ್ಛತೆಯ ಭಾಷಣ ಬೇಡ. ಒಂದೇ ಕೋಣೆಯಲ್ಲಿ ಐದು ಜನ ಇರುವವರಿಗೆ ಕಸದ ನಾತ ನಿಮಗಿಂತ ಚೆನ್ನಾಗಿ ಗೊತ್ತು.

ರಾಯಚೂರು, ಯಾದಗಿರಿ ಕಡೆಯಿಂದಲೋ ಬಂಗಾಳ, ಅಸ್ಸಾಮಿನಿಂದಲೋ ಬಂದವರ ಶೀಟ್ ಮನೆಗಳಿಗೆ ಹೋಗುವಾಗ ನೋಟ್‌ಬುಕ್ ಚೀಲದಲ್ಲಿರಲಿ. ಹೆಸರು, ಊರು, ಕಾರ್ಡು ಕೇಳಬೇಡಿ. ಪುಸ್ತಕ ಹಿಡಿದು ಬಂದವರೆಂದರೆ ಅವರಿಗೆ ಎತ್ತಂಗಡಿ ಮಾಡಿಸುವವರೆಂದೇ ಅನ್ನಿಸುತ್ತದೆ. ಇನ್ನು, ಎಲ್ಲಿಯೇ ಆಗಲಿ, ‘ನಿಮ್ಮವರೇ ಹಾಕೋದು’ ಎಂಬ ಮಾತು ಬಾಯಿಂದ ಬಂತೋ, ಆ ಸಾಲಿನಲ್ಲಿ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು.

ದೇವಸ್ಥಾನ, ಮಸೀದಿ, ಚರ್ಚಿನ ಹಿರಿಯರಿಗೂ ಅದೇ ಒಂದು ವಾಕ್ಯ ಕೊಡಿ. ಶುಕ್ರವಾರದ ನಮಾಜ್ ಆದ ಮೇಲೆ, ಚರ್ಚಿನ ಭಾನುವಾರದ ಪೂಜೆಯ ಕೊನೆಗೆ, ಶನಿವಾರದ ಭಜನೆಯಲ್ಲಿ ಅವರ ಬಾಯಿಂದ ಬಂದರೆ ಕೇಳುವವರು ಹೆಚ್ಚು. ಆದರೆ ಬೀದಿಯ ಸಭೆಯನ್ನು ಈ ಮೂರರಲ್ಲಿ ಯಾವುದರ ಅಂಗಳದಲ್ಲೂ ಇಡಬೇಡಿ. ಅಂಗನವಾಡಿ, ಶಾಲೆ, ಇಲ್ಲವೇ ರಸ್ತೆಯ ಮರದ ಕೆಳಗೆ ಸಾಕು.

ಮೂಲೆಯ ಗೋಡೆಗೆ ದೇವರ ಪಟ ಅಂಟಿಸುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಮಾಡಬೇಡಿ. ಕಸ ಪಟದಿಂದ ಮೂರು ಅಡಿ ಆಚೆಗೆ ಸರಿಯುತ್ತದೆ, ಅಷ್ಟೇ. ಗುಡಿಸುವವರು ಪಟದ ಹತ್ತಿರ ಪೊರಕೆ ಆಡಿಸಲು ಹಿಂಜರಿಯುತ್ತಾರೆ. ಸ್ವಲ್ಪ ದಿನಕ್ಕೆ ಮನೆಗಳಿಂದ ಹಳೇ ಪಟ, ಒಡೆದ ಗಾಜಿನ ಫ್ರೇಮು ಅಲ್ಲಿಗೇ ಬಂದು ಕೂರುತ್ತವೆ. ನಾಲ್ಕು ಧರ್ಮದವರಿರುವ ಬೀದಿಯಲ್ಲಿ ಕಸದ ಜಗಳ ದೇವರ ಜಗಳವಾಗಲು ಒಂದು ಸಂಜೆ ಸಾಕು.

ಬೇರೆ ದಾರಿ

ಬೆಂಗಳೂರಿನಲ್ಲಿ ನಡೆಯುವ ಪದ್ಧತಿ 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿದ ಎರಡು ಬುಟ್ಟಿ, ಒಂದು ಚೀಲ: ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಪ್ಯಾಡ್, ಡೈಪರ್‌ನಂಥದು, ಚೀಲಕ್ಕೆ ಒಣ ಕಸ. ಒಂದು ಕೋಣೆಯ ಮನೆಯಲ್ಲಿ ಮೂರಕ್ಕೆ ಜಾಗ ಎಲ್ಲಿಂದ ಬರಬೇಕು? ಅಲ್ಲಿ ಎರಡೇ ಮಾತು ಹೇಳಿ. ಹಸಿ ಕಸವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಬೇಡಿ, ಬಕೆಟ್ಟಿಗೆ ನ್ಯೂಸ್‌ಪೇಪರ್ ಹಾಸಿ ಹಾಕಿ. ಪ್ಯಾಡು, ಡೈಪರನ್ನು ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ. ಒಣ ಕಸ ಗೋಡೆಯ ಮೊಳೆಗೆ ತೂಗುಹಾಕಿದ ಚೀಲದಲ್ಲಿ ಮೂರು ದಿನ ಇದ್ದರೂ ನಾರುವುದಿಲ್ಲ.

ಗಾಡಿ ಹೊತ್ತಿಗೆ ಇರದವರಿಗೆ ಬೀದಿಯ ಒಂದು ಕಟ್ಟಡದ ಕಾಂಪೌಂಡ್ ಒಳಗೆ ಮುಚ್ಚಳವಿರುವ ಎರಡು ಡ್ರಮ್ ಇಡಿಸಿ, ಹಸಿಗೊಂದು, ಒಣಕ್ಕೊಂದು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಸುಮಾರು ಒಂದೂವರೆಯಿಂದ ಎರಡು ಕೆ.ಜಿ. ಕಸ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ. ಇಪ್ಪತ್ತು ಮನೆಯವರು ಬಳಸಿದರೂ 100 ಲೀಟರಿನ ಡ್ರಮ್ ಹಸಿ ಕಸಕ್ಕೆ ಧಾರಾಳ. ಬೆಳಿಗ್ಗೆ ಗಾಡಿಗೆ ಸುರಿಯುವ ವಾಚ್‌ಮನ್‌ಗೆ ತಿಂಗಳಿಗೆ ಇಂತಿಷ್ಟೆಂದು ಬಳಸುವ ಮನೆಗಳು ಹಂಚಿಕೊಂಡು ಕೊಡಬೇಕು. ‘ಸ್ವಲ್ಪ ನೋಡ್ಕೊಳಪ್ಪ’ ಎಂದರೆ ಎರಡೇ ವಾರ. ಡ್ರಮ್ಮನ್ನು ರಸ್ತೆಯಲ್ಲಿ ಮಾತ್ರ ಇಡಬೇಡಿ. ರಸ್ತೆಗೆ ಬಂದ ಡ್ರಮ್ ಹೊಸ ಗುಡ್ಡೆಯ ಬೀಜ.

ಕಿರಿದಾದ ಓಣಿಗೆ ತಳ್ಳುಗಾಡಿ ಕೇಳಿ. ಸಿಗದಿದ್ದರೆ ಟಿಪ್ಪರ್ ಓಣಿಯ ಬಾಯಲ್ಲಿ ದಿನಾ ಅದೇ ಹೊತ್ತಿಗೆ ನಿಂತು ಸೀಟಿ ಊದಿ ಐದು ನಿಮಿಷ ಕಾಯಲಿ. ಹೊತ್ತು ಹತ್ತು ನಿಮಿಷ ಆಚೀಚೆಯಾದರೆ ಪರವಾಗಿಲ್ಲ, ಒಂದು ಗಂಟೆಯಾದರೆ ಜನ ನಂಬಿಕೆ ಬಿಡುತ್ತಾರೆ. ಕೋಳಿ ಅಂಗಡಿಯ ಕಸ ಮನೆಗಳ ಗಾಡಿಗೆ ಸೇರಬಾರದು, ಅದರ ವಿಲೇವಾರಿಯ ಏರ್ಪಾಡು ಬೇರೆ. ಅಂಗಡಿಯವರನ್ನೇ ಕರೆದು ಬಗೆಹರಿಸಿ. ಎಳನೀರು ಬುರುಡೆಯನ್ನು ನಾಲ್ಕು ಹೋಳು ಮಾಡಿಸಿದರೆ ಮಳೆನೀರು ನಿಂತು ಸೊಳ್ಳೆಯಾಗುವುದಿಲ್ಲ. ಇಟ್ಟಿಗೆ, ಗಾರೆ ಚೂರು ಹಸಿಯೂ ಅಲ್ಲ, ಒಣವೂ ಅಲ್ಲ, ಮನೆಗಳ ಗಾಡಿ ಅದನ್ನು ಮುಟ್ಟುವುದಿಲ್ಲ. ಆದರೆ ಒಂದು ಮೂಟೆ ಅವಶೇಷ ಬಿದ್ದಲ್ಲಿ ಮಾರನೆಯ ಬೆಳಿಗ್ಗೆ ಐದು ಕವರ್ ಜೊತೆಗೂಡಿರುತ್ತವೆ, ಹಾಗಾಗಿ ಅದನ್ನು ತೆಗೆಸುವುದು ಎಲ್ಲಕ್ಕಿಂತ ಮೊದಲು.

ಗುಡಿಸುವ ದಿನ

ಭಾನುವಾರ ಬೇಡ. ಗಾಡಿ ಖಚಿತವಾಗಿ ಬರುವ ದಿನ ಆರಿಸಿ, ಮೇಸ್ತ್ರಿಗೆ ಎರಡು ದಿನ ಮೊದಲೇ ಹೇಳಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ. ಕಸ ನೋಡಿಕೊಳ್ಳುವುದು ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ. ಆದ್ದರಿಂದ ಗಾಡಿಯ ದೂರು ನಿಯಮಿತಕ್ಕೆ, ಮುರಿದ ಫುಟ್‌ಪಾತ್ ಕಲ್ಲಿನದು ನಿಮ್ಮ ಪಾಲಿಕೆಗೆ, ಟ್ರಾನ್ಸ್‌ಫಾರ್ಮರ್ ಬೇಲಿಯದು ಬೆಸ್ಕಾಂಗೆ. ಮೂರನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ಮೂವರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಹತ್ತು ಅಡಿ ಉದ್ದದ ಮೂಲೆಗೆ ಅವತ್ತಿನ ಮಟ್ಟಿಗೆ ಎಂಟು ಜನ ಬೇಕು. ಸಾಮಾನು: ಎರಡು ಸಲಿಕೆ, ಒಂದು ಗುದ್ದಲಿ, ಕಸ ಎಳೆಯಲು ಹಲ್ಲಿನ ಹಾರೆ ಒಂದು, ನಾಲ್ಕು ಬಾಂಡ್ಲಿ, ಮೂರು ಕಡ್ಡಿ ಪೊರಕೆ, ಇಪ್ಪತ್ತು ಖಾಲಿ ಸಿಮೆಂಟ್ ಚೀಲ. ಕೈಗೆ ದಪ್ಪ ರಬ್ಬರ್ ಗ್ಲೌಸು (ಆಸ್ಪತ್ರೆಯ ತೆಳ್ಳನೆಯದು ಗಾಜಿಗೆ ತಡೆಯದು), ಕಾಲಿಗೆ ಮುಚ್ಚಿದ ಶೂ, ಮಾಸ್ಕ್. ಗುಡ್ಡೆಯೊಳಗೆ ಕೈ ಹಾಕಬೇಡಿ, ಮೊದಲು ಹಲ್ಲಿನ ಹಾರೆಯಿಂದ ಎಳೆದು ಹರಡಿ. ಹಳೇ ಗುಡ್ಡೆಯ ಅಡಿ ಇಲಿ, ಹಾವು ಇರಬಹುದು. ಸಿರಿಂಜ್ ಸಿಕ್ಕರೆ ಇಕ್ಕಳದಿಂದ ಹಿಡಿದು ಗಟ್ಟಿ ಕ್ಯಾನಿಗೆ, ಒಡೆದ ಗಾಜು ರಟ್ಟಿನ ಪೆಟ್ಟಿಗೆಗೆ. ಮಕ್ಕಳು ಬಣ್ಣ ಬಳಿಯುವುದಕ್ಕೆ ಬರಲಿ, ಇದಕ್ಕೆ ಬೇಡ. ಯಾರಿಗಾದರೂ ಚುಚ್ಚಿದರೆ ತೊಳೆದು ಅಂದೇ ಡಾಕ್ಟರಿಗೆ ತೋರಿಸಿ. ಉಳಿದದ್ದಕ್ಕೆ ಬೆಂಕಿ ಹಚ್ಚುವ ಆಸೆ ಬಿಡಿ. ಕೊನೆಗೆ ನೆಲಕ್ಕೆ ಬ್ಲೀಚಿಂಗ್ ಪೌಡರ್ ಉದುರಿಸಿ. ಅದರ ಮೇಲೆ ಆ್ಯಸಿಡ್, ಟಾಯ್ಲೆಟ್ ಕ್ಲೀನರ್ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಅವತ್ತಿನ ಸಂಜೆಯೊಳಗೇ ಗೋಡೆಗೆ ಬಣ್ಣ ಆಗಬೇಕು. ಬರಿಯ ನೆಲವನ್ನು ಒಂದು ರಾತ್ರಿ ಬಿಟ್ಟರೂ ಮೊದಲ ಕವರ್ ಬೀಳುತ್ತದೆ. ಹತ್ತು ಅಡಿ ಉದ್ದ, ಆರು ಅಡಿ ಎತ್ತರದ ಗೋಡೆಗೆ ಎರಡು ಕೋಟು ಹೊಡೆಯಲು ಹೊರಗೋಡೆಯ ಬಣ್ಣ ಎರಡು ಲೀಟರ್ ಸಾಕು. ಕೆಳಗಿನ ಎರಡು ಅಡಿ ಕೆಮ್ಮಣ್ಣಿನ ಬಣ್ಣವಾಗಿರಲಿ, ಎಲೆ ಅಡಿಕೆ ಉಗುಳಿದರೂ ಕಾಣುವುದಿಲ್ಲ, ಕಾಣದಿದ್ದರೆ ಮುಂದಿನವನು ಉಗುಳುವುದೂ ಕಡಿಮೆ. ಕುಂಡ ಇಡುವುದಾದರೆ ಇಬ್ಬರು ಎತ್ತಬೇಕಾದಷ್ಟು ಭಾರದ ಸಿಮೆಂಟಿನದು. ದಾಸವಾಳ ಹಾಕಿದರೆ ದನ ಬಿಡುವುದಿಲ್ಲ, ಕ್ರೋಟನ್ ಸಾಕು. ಪೇಂಟಿನಲ್ಲಿ ಬರೆದ ರಂಗೋಲಿ ತಿಂಗಳಲ್ಲಿ ಗೋಡೆಯ ಭಾಗವಾಗಿಬಿಡುತ್ತದೆ. ದಿನಾ ಬೆಳಿಗ್ಗೆ ಕೈಯಲ್ಲಿ ಎಳೆದ ನಾಲ್ಕು ಗೆರೆಗೆ ಬೆಲೆ ಹೆಚ್ಚು, ಇವತ್ತು ಇಲ್ಲಿ ಯಾರೋ ಬಂದಿದ್ದರು ಎನ್ನುವುದನ್ನು ಅದು ಹೇಳುತ್ತದೆ. ಬೀದಿದೀಪ ಕೆಟ್ಟಿದ್ದರೆ ಅದರ ರಿಪೇರಿ ಆಗುವವರೆಗೆ ಗುಡಿಸುವ ದಿನವನ್ನೇ ಮುಂದೂಡಿ.

ಆಮೇಲಿನ ಮೂರು ವಾರ

ಮತ್ತೆ ಅದೇ ಎರಡು ಪಾಳಿ, ಈ ಸಲ ಕಾಣುವಂತೆ ನಿಲ್ಲಬೇಕು. ಕವರ್ ಹಿಡಿದು ಬಂದವರಿಗೆ, ‘ಅಣ್ಣ, ಗಾಡಿ ಏಳೂ ಕಾಲಿಗೆ ಆ ನೀಲಿ ಗೇಟ್ ಹತ್ರ ಬರುತ್ತೆ. ಅಷ್ಟೊತ್ತು ಇರಕ್ಕಾಗಲ್ಲ ಅಂದ್ರೆ ಒಳಗೆ ಡ್ರಮ್ ಇದೆ, ಬನ್ನಿ ತೋರಿಸ್ತೀನಿ’ ಎನ್ನಿ. ತೋರಿಸಲು ಜೊತೆಗೆ ನಡೆಯಿರಿ. ಕಣ್ಣು ತಪ್ಪಿಸಿ ಒಂದು ಕವರ್ ಬಿದ್ದರೆ ಗಂಟೆಯೊಳಗೆ ಎತ್ತಿಬಿಡಿ. ಎರಡನೆಯದನ್ನು ಕರೆಯುವುದು ಆ ಮೊದಲನೆಯದೇ. ದಂಡದ ಬೋರ್ಡಿನ ಕೆಳಗೇ ಕಸ ಬಿದ್ದಿರುವುದನ್ನು ನೀವೂ ಕಂಡಿರುತ್ತೀರಿ. ಕ್ಯಾಮೆರಾ ಹೆಲ್ಮೆಟ್ಟನ್ನು ಮಾತ್ರ ತೋರಿಸುತ್ತದೆ. ದಂಡ ಹಾಕುವ ಮಾರ್ಷಲ್‌ಗಳನ್ನು ಕರೆಯುವುದು ಬೈಕಿನಲ್ಲಿ ಬರುವ ಹೊರಗಿನವರಿಗೆ ಉಳಿದಿರಲಿ.

ಗುಡ್ಡೆ ಮರಳಿ ಬರುವುದು ಹೆಚ್ಚಾಗಿ ಗಾಡಿ ಎರಡು ದಿನ ತಪ್ಪಿದಾಗ. ಚಾಲಕ ಬದಲಾದ, ಮುಷ್ಕರ, ರಿಪೇರಿ, ಏನೋ ಒಂದು. ಚಾಲಕನ ನಂಬರ್ ಬೀದಿಯ ಗುಂಪಿನಲ್ಲಿರಲಿ, ಬೆಳಿಗ್ಗೆ ಏಳಕ್ಕೆ ‘ಇವತ್ತು ಬರಲ್ಲ, ಒಳಗೇ ಇಟ್ಟುಕೊಳ್ಳಿ’ ಎಂಬ ಒಂದು ಸಾಲು ಹೋದರೆ ಅರ್ಧ ಗುಡ್ಡೆ ತಪ್ಪುತ್ತದೆ. ಹಬ್ಬಗಳಿಗೆ ವಾರ ಮೊದಲೇ ಹೆಚ್ಚುವರಿ ಟ್ರಿಪ್ ಕೇಳಿ. ಆಯುಧಪೂಜೆಯ ಮಾರನೆಯ ದಿನದ ಒಡೆದ ಬೂದುಗುಂಬಳ, ಬಾಳೆಕಂದನ್ನು ದಿನದ ಟಿಪ್ಪರ್ ಹೊರಲಾರದು. ಬಕ್ರೀದ್‌ಗೆ ಬೇಕಾದ ಪ್ರತ್ಯೇಕ ಚೀಲ, ಗಾಡಿಯ ಏರ್ಪಾಡನ್ನು ಮಸೀದಿ ಕಮಿಟಿಯವರನ್ನು ಮುಂದಿಟ್ಟುಕೊಂಡು ಮಾಡಿಸಿ.

ಮರದೆಲೆಯೇ ಹೆಚ್ಚಿರುವ ಮೂಲೆಯಾದರೆ 13 ಅಡಿ ಉದ್ದ, 4 ಅಡಿ ಅಗಲದ ತಂತಿ ಜಾಲರಿಯನ್ನು ದುಂಡಗೆ ಸುತ್ತಿ ಕಟ್ಟಿ, ಸುಮಾರು ನಾಲ್ಕಡಿ ವ್ಯಾಸದ ಗೂಡಾಗುತ್ತದೆ. ಒಂದು ಅಡಿ ಎಲೆ, ಅದರ ಮೇಲೆ ಸಗಣಿ ನೀರು ಅಥವಾ ಹುಳಿ ಮಜ್ಜಿಗೆ, ಕಾಲಿನಿಂದ ಅದುಮಿ ಮತ್ತೊಂದು ಅಡಿ. ಹಿಂಡಿದ ಬಟ್ಟೆಯಷ್ಟು ತೇವ ಇರಬೇಕು. ಒಣಗಿದರೆ ಆರು ತಿಂಗಳಾದರೂ ಎಲೆ ಎಲೆಯಾಗಿಯೇ ಇರುತ್ತದೆ, ನಾತ ಬಂದರೆ ನೀರು ಹೆಚ್ಚಾಗಿದೆ, ಕೆದಕಿ ಒಣ ಎಲೆ ಸೇರಿಸಿ. ಅಡುಗೆಮನೆಯ ಕಸವನ್ನು ಇದಕ್ಕೆ ಬಿಡಬೇಡಿ, ಇಲಿ ಬರುತ್ತದೆ.

ಮೂರನೆಯ ವಾರದೊಳಗೆ ಮೂಲೆಯ ಉಸ್ತುವಾರಿ ನಿಮ್ಮ ಕೈಬಿಟ್ಟು ಹೋಗಬೇಕು. ಇದಕ್ಕೆ ಸಂಘದ ಅಧ್ಯಕ್ಷರಿಗಿಂತ ಇಸ್ತ್ರಿ ಅಂಗಡಿಯವರು, ಟೀ ಅಂಗಡಿಯವರು ಆಗಿಬರುತ್ತಾರೆ, ಇಡೀ ದಿನ ಅಲ್ಲೇ ಇರುವವರು ಅವರೇ. ಖರ್ಚಿನ ಲೆಕ್ಕವನ್ನು ಕಾಗದದಲ್ಲಿ ಬರೆದು ಅವರ ಅಂಗಡಿಯಲ್ಲೇ ಅಂಟಿಸಿ.

ದಿನಕ್ಕೆ ಬಿದ್ದ ಕವರ್‌ಗಳ ಎಣಿಕೆಯನ್ನು ಮಾತ್ರ ನಿಲ್ಲಿಸಬೇಡಿ. ನಾಲ್ಕನೆಯ ವಾರದಲ್ಲೂ ದಿನಕ್ಕೆ ಮೂರಕ್ಕಿಂತ ಹೆಚ್ಚು ಬೀಳುತ್ತಿದ್ದರೆ ಗೋಡೆಗೆ ಇನ್ನೊಂದು ಕೋಟು ಬೇಕಿಲ್ಲ. ಮೊದಲ ವಾರದ ನೋಟ್‌ಬುಕ್ ತೆಗೆದು ಅವು ಬೀಳುತ್ತಿರುವ ಹೊತ್ತನ್ನು ಹೋಲಿಸಿ ನೋಡಿ, ಆ ಹೊತ್ತಿನವರ ಬಾಗಿಲಿಗೆ ಇನ್ನೊಮ್ಮೆ ಹೋಗಿ.