ತೊಟ್ಟಿಗೆ ಇಂಗ್ಲಿಷಿನಲ್ಲಿ ಏನಂತಾರೆ?

ನನ್ನ ಫೋನಿನಲ್ಲಿ ಎರಡು ವರ್ಷದ ಹಿಂದಿನ ಒಂದು ರೆಕಾರ್ಡಿಂಗ್ ಇದೆ. 1 ನಿಮಿಷ 40 ಸೆಕೆಂಡು. ಅದರಲ್ಲಿ ನಾನು ಇಂಗ್ಲಿಷಿನಲ್ಲಿ ನನ್ನ ಪರಿಚಯ ಹೇಳುತ್ತಿದ್ದೇನೆ. "ಮೈಸೆಲ್ಫ್" ಅಂತ ಶುರು ಮಾಡಿ, ಊರು, ಓದು, ಹವ್ಯಾಸ ಎಲ್ಲ ಒಂದೇ ಉಸಿರಿಗೆ ಒದರಿ, ನಡುವೆ ಗಕ್ಕನೆ ನಿಂತು, ಮತ್ತೆ "ಮೈಸೆಲ್ಫ್"ನಿಂದ ಹೊರಟಿದ್ದೇನೆ. ಮಗ್ಗಿ ಮರೆತ ಹುಡುಗಿ ಮತ್ತೆ ಎರಡೊಂದ್ಲೆ ಎರಡಕ್ಕೆ ಹೋಗುವ ಹಾಗೆ. ಅಳಿಸಿಬಿಡಬೇಕು ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ, ಅಳಿಸಿಲ್ಲ.

ನಮ್ಮದು ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿ. ಹತ್ತನೆಯವರೆಗೆ ಊರಿನ ಕನ್ನಡ ಸಾಲಿ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ನೂರಕ್ಕೆ 84 ಬಂದಿತ್ತು. ಪೂರ್ತಿ ಬಾಯಿಪಾಠದ 84. ಪ್ರಶ್ನೆಯ ಮೊದಲ ಎರಡು ಪದ ನೋಡಿದರೆ ಸಾಕು, ಉತ್ತರ ತಾನಾಗಿ ಕೈಯಿಂದ ಇಳಿಯುತ್ತಿತ್ತು. ಅರ್ಥ ಕೇಳಬಾರದು ಅಷ್ಟೆ.

ಪಿಯುಸಿಗೆ ಸೈನ್ಸ್ ತಗೊಂಡಾಗ ದ್ಯುತಿಸಂಶ್ಲೇಷಣೆ ಹೋಗಿ ಫೋಟೋಸಿಂಥೆಸಿಸ್ ಬಂತು, ಪತ್ರಹರಿತ್ತು ಹೋಗಿ ಕ್ಲೋರೋಫಿಲ್ ಬಂತು. ಎಲ್ಲರೂ ಇದೇ ಕಷ್ಟ ಅಂತಾರೆ. ನನಗೆ ಹಾಗೆ ಅನ್ನಿಸಲಿಲ್ಲ. ದ್ಯುತಿಸಂಶ್ಲೇಷಣೆ ಅನ್ನೋದೂ ನಮ್ಮ ಮನೆಯ ಮಾತೇನಲ್ಲವಲ್ಲ! ನನ್ನನ್ನು ಸೋಲಿಸಿದ್ದು ಸಣ್ಣ ಸಣ್ಣ ಪದಗಳು. ಅನ್‌ಲೆಸ್, ದೋ, ವೇರ್‌ಆ್ಯಸ್. "ಅನ್‌ಲೆಸ್" (ಹಾಗಾಗದ ಹೊರತು) ಇದ್ದ ಸಾಲನ್ನು ನಾನು ಒಂದು ವರ್ಷ ಪೂರ್ತಿ ಉಲ್ಟಾ ಅರ್ಥ ಮಾಡಿಕೊಂಡಿದ್ದೆ.

ಧಾರವಾಡಕ್ಕೆ ಎಂ.ಎಸ್ಸಿ. ಬಾಟನಿಗೆ ಬಂದ ಮೇಲೆ ಮಾತಾಡುವ ಪಾಳಿ ಬಂತು. ಸೆಮಿನಾರ್ ಇಂಗ್ಲಿಷಿನಲ್ಲೇ ಕೊಡಬೇಕು. ಮೊದಲನೆಯದಕ್ಕೆ ಬ್ರಯೋಫೈಟ್ (ಹಾವಸೆಯಂಥ ಸಣ್ಣ ಸಸ್ಯಗಳು) ಮೇಲೆ ನಾಲ್ಕು ಪುಟ ಬರೆದು, ನಾಲ್ಕನ್ನೂ ಬಾಯಿಪಾಠ ಮಾಡಿ ನಿಂತೆ. ಎರಡನೇ ಪುಟದಲ್ಲಿ ಒಂದು ಸಾಲು ಜಾರಿತು. ಆ ಸಾಲಿಲ್ಲದೆ ಮುಂದಿನದಕ್ಕೆ ದಾರಿಯೇ ಇಲ್ಲ. ಹತ್ತು ಸೆಕೆಂಡು ಇದ್ದೀತು, ಫ್ಯಾನಿನ ಸದ್ದು ಕೇಳುತ್ತಾ ನಿಂತಿದ್ದೆ. ಆಮೇಲೆ "ಥ್ಯಾಂಕ್ ಯು" ಅಂದು ಕೂತುಬಿಟ್ಟೆ.

ಅದಾದ ವಾರವೇ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ಧಾರವಾಡದಲ್ಲಿ ಕ್ಲಾಸುಗಳಿಗೇನು ಬರವೇ? ಮೂರು ತಿಂಗಳಿಗೆ 4,500 ರೂಪಾಯಿ. ಸುಗ್ಗಿ ಕಾಲದಲ್ಲಿ ನಮ್ಮವ್ವ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ತೊಟ್ಟು ಮುರಿದು ಕೂಡಿಸಿದ ದುಡ್ಡದು. ಕಿಲೋ ಲೆಕ್ಕದ ಕೂಲಿ. ದಿನ ಪೂರ್ತಿ ಘಾಟಿನಲ್ಲಿ ಕೂತು, ಮೂಗಿಗೆ ಸೆರಗು ಕಟ್ಟಿಕೊಂಡು ಮುರಿಯಬೇಕು. ಆ ಕ್ಲಾಸಿನಲ್ಲಿ ನಾನು ಕಲಿತದ್ದು ಮೇಲೆ ಹೇಳಿದ ಆ "ಮೈಸೆಲ್ಫ್" ಪರಿಚಯ. ಇಂಗ್ಲಿಷಿನಲ್ಲಿ ಪರಿಚಯವನ್ನು "ಮೈಸೆಲ್ಫ್" ಅಂತ ಶುರು ಮಾಡಬಾರದು, "ಐ ಆ್ಯಮ್" ಸಾಕು ಅಂತ ಗೊತ್ತಾಗಿದ್ದು ಮತ್ತೆ ಆರು ತಿಂಗಳಾದ ಮೇಲೆ.

ಆ ಕ್ಲಾಸಿನಲ್ಲಿ ದಿನಕ್ಕೊಮ್ಮೆ ಹೇಳುತ್ತಿದ್ದ ಮಾತು: "ಕನ್ನಡ ಮರೀರಿ, ಇಂಗ್ಲಿಷಿನಲ್ಲೇ ವಿಚಾರ ಮಾಡ್ರಿ." ನಾನು ನಂಬಿ ಪ್ರಯತ್ನಪಟ್ಟೆ. ಕನ್ನಡ ಬಿಟ್ಟ ತಕ್ಷಣ ತಲೆ ಖಾಲಿ. ಇಂಗ್ಲಿಷಿನಲ್ಲಿ ವಿಚಾರ ಮಾಡೋಕೆ ಮೊದಲು ಇಂಗ್ಲಿಷ್ ಇರಬೇಕಲ್ವಾ? ನಮ್ಮ ಜಿಲ್ಲೆಯ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರೊಫೆಸರ್ ಆಗಿದ್ದವರು. ಜ್ಞಾನಪೀಠ ಬಂದದ್ದು ಕನ್ನಡದಲ್ಲಿ ಬರೆದದ್ದಕ್ಕೆ. ಅವರಿಗೆ ಯಾರೂ ಕನ್ನಡ ಮರೀರಿ ಅಂತ ಹೇಳಿರಲಿಕ್ಕಿಲ್ಲ.

ಹೀಗಾಗಿ ನಾನೂ ರೂಮ್‌ಮೇಟೂ ನಮ್ಮದೇ ದಾರಿ ಹುಡುಕಿಕೊಂಡೆವು. ಆಕೆ ಗದಗ ಜಿಲ್ಲೆ ರೋಣದ ಕಡೆಯವಳು, ಕೆಮಿಸ್ಟ್ರಿ. ರಾತ್ರಿ ಒಂಬತ್ತರಿಂದ ಒಂಬತ್ತೂವರೆ ಬರೀ ಇಂಗ್ಲಿಷ್ ಅಂತ ಕರಾರು ಮಾಡಿಕೊಂಡೆವು. ಮೊದಲ ವಾರ ನಮ್ಮ ರೂಮಿನಷ್ಟು ಶಾಂತಿ ಇಡೀ ಹಾಸ್ಟೆಲಿನಲ್ಲಿ ಎಲ್ಲೂ ಇರಲಿಲ್ಲ. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಗಡಿಯಾರ ನೋಡುತ್ತಿದ್ದೆವು.

ಎರಡನೇ ವಾರ ಆಕೆಯೇ ಅಂದಳು: "ಲೇ, ಹಿಂಗ ಆಗಂಗಿಲ್ಲ. ನಾ ಕನ್ನಡದಾಗ ಹೇಳ್ತೀನಿ, ನೀ ಅದನ್ನ ಇಂಗ್ಲಿಷ್‌ನ್ಯಾಗ ಹೇಳು." ಇದು ಹಿಡಿಸಿತು. ಆಕೆ ಬೇಕಂತಲೇ ವಾರೆ ವಾರೆ ವಾಕ್ಯ ಕೊಡುತ್ತಿದ್ದಳು. ಒಂದು ದಿನ "ನೀನು ನಿಮ್ಮಪ್ಪಗ ಎಷ್ಟನೇ ಮಗಳು?" ಅಂದಳು. ಅರ್ಧ ಗಂಟೆ ಒದ್ದಾಡಿದೆವು. ಆ "ಎಷ್ಟನೇ"ಗೆ ಇಂಗ್ಲಿಷಿನಲ್ಲಿ ಒಂದು ಪದವಿಲ್ಲ, ಸುತ್ತಿ ಬಳಸಿ ಕೇಳಬೇಕು. ಅವತ್ತು ಇಬ್ಬರಿಗೂ ಒಳಗೊಳಗೇ ಖುಷಿ. ಇಂಗ್ಲಿಷಿನವರಿಗೂ ಬಾರದ್ದು ಒಂದಿದೆ ಅಂತ.

ಈ ಆಟದಿಂದ ನನ್ನ ತಪ್ಪುಗಳು ಎಲ್ಲಿಂದ ಬರುತ್ತವೆ ಅಂತ ಕಾಣತೊಡಗಿತು. ಒಮ್ಮೆ ರಜೆ ಚೀಟಿಯಲ್ಲಿ "ಫೀವರ್ ಹ್ಯಾಸ್ ಕಮ್ ಟು ಮೀ" ಅಂತ ಬರೆದಿದ್ದೆ. ನಮಗೆ ಜ್ವರ ಬರುತ್ತೆ, ಸಿಟ್ಟು ಬರುತ್ತೆ, ನಿದ್ದೆ ಬರುತ್ತೆ, ನೆನಪು ಬರುತ್ತೆ. ಎಲ್ಲ ತಾವಾಗಿ ಬರುತ್ತವೆ, ನಾವು ಸುಮ್ನೆ ಕೂತಿರುತ್ತೇವೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ಜ್ವರಕ್ಕೂ ನಾನೇ, ಸಿಟ್ಟಿಗೂ ನಾನೇ ಮುಂದೆ ನಿಲ್ಲಬೇಕು. ಐ ಹ್ಯಾವ್, ಐ ಗಾಟ್, ಐ ರಿಮೆಂಬರ್. ಆಮೇಲೆ ಕನ್ನಡದಲ್ಲಿ "ನನಗೆ" ಅಂತ ಶುರುವಾಗುವ ವಾಕ್ಯ ತಲೆಗೆ ಬಂದರೆ ಅಲ್ಲೇ ಒಂದು ಬ್ರೇಕ್ ಹಾಕಿ "ಐ" ಇಟ್ಟು ನೋಡತೊಡಗಿದೆ. ಹತ್ತಕ್ಕೆ ಏಳೆಂಟು ಸಲ ಸರಿಹೋಗುತ್ತಿತ್ತು.

"ಎ" ಮತ್ತು "ದ" ತಿಳಿದದ್ದು ಅಜ್ಜಿ ಕಥೆಯಿಂದ. ಒಂದೂರಾಗ ಒಬ್ಬ ರಾಜ ಇದ್ದ. ಆ ರಾಜಗ ಮೂರು ಮಂದಿ ಹೆಂಡಂದಿರು. ಮೊದಲ ಸಲ "ಒಬ್ಬ ರಾಜ", ಪರಿಚಯ ಆದ ಮೇಲೆ "ಆ ರಾಜ". ಗ್ರಾಮರ್ ಪುಸ್ತಕದಲ್ಲಿ ಹದಿನೈದು ರೂಲು ಓದಿ ತಲೆಗೆ ಹತ್ತದ್ದು ಈ ಎರಡು ಸಾಲಿನಲ್ಲಿ ಹತ್ತಿತು. ಎಲ್ಲಾ ಕಡೆ ಇದು ನಡೆಯೋದಿಲ್ಲ. ಸೂರ್ಯನಿಗೆ ಮೊದಲ ಸಲವೇ "ದ" ಯಾಕೆ ಹಚ್ಚಬೇಕು ಅಂದರೆ ಇರೋದು ಒಬ್ಬನೇ ಅಂತಾರೆ, ಸರಿ. ಆದರೆ ಇನ್ನೂ ಎಷ್ಟೋ ಜಾಗದಲ್ಲಿ ನಾನು ಅಂದಾಜಿನ ಮೇಲೆಯೇ ಹಚ್ಚುತ್ತೇನೆ.

ಗೌರವದ್ದು ಬೇರೆಯೇ ಪೇಚು. ನಮ್ಮ ಮೇಡಂ ಬಗ್ಗೆ ಮಾತಾಡುವಾಗ "ಶೀ" ಅನ್ನಲು ಬಾಯಿ ಬರುತ್ತಿರಲಿಲ್ಲ. ಎದುರಿಗೇ "ಅವಳು" ಅಂದ ಹಾಗೆ ಅನ್ನಿಸೋದು. ಅದಕ್ಕೆ ಒಂದೇ ವಾಕ್ಯದಲ್ಲಿ ನಾಲ್ಕು ಸಲ "ಮೇಡಂ" ಅನ್ನುತ್ತಿದ್ದೆ. ಈಗಲೂ ಮೂರು ಸಲ ಅನ್ನುತ್ತೇನೆ.

ಉಚ್ಚಾರದ ತಪ್ಪು ತೋರಿಸಿದ್ದು ಫೋನು. ದಿನಾ ಎರಡು ನಿಮಿಷ ರೆಕಾರ್ಡ್ ಮಾಡಿ ಕೇಳುತ್ತಿದ್ದೆ. ಕೇಳೋದು ಮಾತಾಡೋದಕ್ಕಿಂತ ಕಷ್ಟ, ಮೊದಮೊದಲು ನನ್ನ ಧ್ವನಿ ನನಗೇ ಸಹಿಸುತ್ತಿರಲಿಲ್ಲ. "ಓನ್ಲಿ" ನನ್ನ ಬಾಯಲ್ಲಿ "ವೋನ್ಲಿ". "ಎಗ್" ಅಂದರೆ "ಯೆಗ್". ಯಾಕೆ ಅಂತ ಯೋಚಿಸಿದರೆ, ಎಲೆಗೆ ನಾವು "ಯಲಿ" ಅಂತೇವೆ, ಒಲೆಗೆ "ವಲಿ". ಆ ಯಕಾರ ವಕಾರ ಹೊಸ್ತಿಲಲ್ಲೇ ಕಾಯುತ್ತಿರುತ್ತವೆ. ಇನ್ನೊಂದು ಇದಕ್ಕಿಂತ ದೊಡ್ಡದು. ನಾವು ಪ್ರತಿ ಅಕ್ಷರಕ್ಕೂ ಸಮನಾಗಿ ಬಾಯಿ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಒಂದಕ್ಕೆ ಮಾತ್ರ ಒತ್ತು, ಉಳಿದವನ್ನು ಅರ್ಧ ನುಂಗಬೇಕು. ನಾನು ಓದುವ ವಿಷಯದ ಹೆಸರೇ ನೋಡಿ: "ಬಾಟನಿ"ಯಲ್ಲಿ ಒತ್ತು "ಬಾ" ಮೇಲೆ. "ಬಟ್ಯಾನಿಕಲ್" ಅಂದ ಕೂಡಲೇ ಅದು "ಟ್ಯಾ"ಗೆ ಹಾರುತ್ತೆ, "ಬಾ" ಸಣ್ಣಗಾಗುತ್ತೆ. ನಾನು ಎರಡು ವರ್ಷ "ಬೊಟಾನಿ" ಓದುತ್ತಿದ್ದೆ.

ಭಾನುವಾರ ಹುಬ್ಬಳ್ಳಿ ಉಣಕಲ್ಲಿನಲ್ಲಿರುವ ಕಾಕು ಮನೆಗೆ ಹೋಗುವಾಗ ಚಿಗರಿ ಬಸ್ಸಿನಲ್ಲಿ (ಹುಬ್ಬಳ್ಳಿ-ಧಾರವಾಡದ ನಡುವಿನ ವೇಗದ ಬಸ್ಸು) ಕಿಟಕಿ ಪಕ್ಕ ಕೂತು, ಹೊರಗೆ ಕಂಡದ್ದನ್ನು ಬಾಯೊಳಗೇ ಇಂಗ್ಲಿಷಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಬಸ್ಸಿನ ವೇಗಕ್ಕೆ ನನ್ನ ಇಂಗ್ಲಿಷ್ ಸಾಲುತ್ತಿರಲಿಲ್ಲ. ನವಲೂರಿನ ಹತ್ತಿರ ಪೇರಲ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸಿನ ವಾಕ್ಯ ಮುಗಿಯೋದರೊಳಗೆ ರಾಯಾಪುರ ದಾಟಿರುತ್ತಿತ್ತು. "ಪೇರಲ ಮಾರುತ್ತಾ ಕೂತ ಹೆಂಗಸು" ಅಂತ ನಾವು ಹೆಂಗಸನ್ನು ಕೊನೆಗೆ ತರುತ್ತೇವೆ. ಅವರು ಮೊದಲು ಹೆಂಗಸನ್ನು ಕೂರಿಸಿ, ಆಮೇಲೆ ಪೇರಲ ಮಾರಿಸುತ್ತಾರೆ. ಮೊದಲು ಹೆಸರು, ಆಮೇಲೆ ಅದರ ಕಥೆ. ಈ ಒಂದು ತಿರುವು ಗೊತ್ತಾದ ಮೇಲೆ ಪಠ್ಯಪುಸ್ತಕದ ನಾಲ್ಕು ನಾಲ್ಕು ಸಾಲಿನ ವಾಕ್ಯಗಳೂ ಹಿಂದಿನಿಂದ ಬಿಚ್ಚಿಕೊಳ್ಳತೊಡಗಿದವು.

ಇಷ್ಟೆಲ್ಲ ಆದರೂ ಸೆಮಿನಾರಿನ ಹೆದರಿಕೆ ಹೋಗಿರಲಿಲ್ಲ. ಮೂರನೇ ಸೆಮಿಸ್ಟರಿಗೆ ನಾನಾಗಿ ಬ್ಯಾಡಗಿ ಮೆಣಸಿನಕಾಯಿ ಆರಿಸಿಕೊಂಡೆ. ಹೇಗೂ ಮರ್ಯಾದೆ ಹೋಗೋದೇ, ಗೊತ್ತಿದ್ದ ವಿಷಯದಲ್ಲೇ ಹೋಗಲಿ ಅಂತ. ಈ ಸಲ ಬಾಯಿಪಾಠ ಇಲ್ಲ. ಒಂದು ಚೀಟಿಯಲ್ಲಿ ಎಂಟು ಪದ, ಕೈಯಲ್ಲಿ ಐದಾರು ಒಣ ಮೆಣಸಿನಕಾಯಿ.

ಚೆನ್ನಾಗೇ ಶುರುವಾಯಿತು. ಇದು ಬದನೆ, ಟೊಮೆಟೊ, ಆಲೂಗಡ್ಡೆಯ ಕುಟುಂಬ. ಖಾರ ಇರೋದು ಬೀಜದಲ್ಲಿ ಅಂತ ಎಲ್ಲರೂ ತಿಳಿದಿದ್ದಾರೆ, ಅಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಬ್ಯಾಡಗಿ ಕಾಯಿಗೆ ಖಾರ ಕಮ್ಮಿ, ಬಣ್ಣ ಜಾಸ್ತಿ. ಆ ಬಣ್ಣ ತೆಗೆದು ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ. ಇದಕ್ಕೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಕಾಯಿ ಎತ್ತಿ ತೋರಿಸಿ, ಮಾರಾಟಕ್ಕೆ ಮೊದಲು ಏನು ಮಾಡುತ್ತಾರೆ ಅಂತ ಹೇಳಲು ಹೋದೆ. "ವಿಮೆನ್ ರಿಮೂವ್ ದ... ದ..." ಪದ ಬರಲಿಲ್ಲ. ಮತ್ತೆ ಫ್ಯಾನಿನ ಸದ್ದು ಕೇಳತೊಡಗಿತು. ಬಾಯಿಂದ "ತೊಟ್ಟು" ಅಂತ ಬಂದುಬಿಟ್ಟಿತು.

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. "ತೊಟ್ಟು ಅಂದ್ರೆ ಯಾವ ಭಾಗ? ಗೊತ್ತಿಲ್ಲದವರಿಗೆ ಹೇಳಿ ತೋರಿಸು" ಅಂದರು, ಇಂಗ್ಲಿಷಿನಲ್ಲಿ. ನಾನು ಕಾಯಿ ಕೈಯಲ್ಲಿ ಹಿಡಿದು ಹೇಳಿದೆ. ಗಿಡಕ್ಕೆ ಕಾಯಿ ಜೋತು ಬಿದ್ದಿರುವ ಕಡ್ಡಿ ಇದು. ಕಾಯಿ ಮೇಲೆ ಟೋಪಿ ಹಾಗೆ ಇರೋದೂ ಇದರ ಜೊತೆ ಬರುತ್ತೆ. ಹೆಬ್ಬೆರಳು ತೋರುಬೆರಳಿನಲ್ಲಿ ಹೀಗೆ ಹಿಡಿದು ಮುರಿಯಬೇಕು, ಕಾಯಿ ಒಡೆಯಬಾರದು, ಒಡೆದರೆ ಬೀಜ ಉದುರಿ ತೂಕ ಹೋಗುತ್ತೆ. ನಮ್ಮ ತಾಯಿ ಈ ಕೆಲಸ ಮಾಡುತ್ತಾರೆ. ಸಂಜೆ ಮನೆಗೆ ಬಂದ ಮೇಲೂ ಅವರ ಬೆರಳು ಉರಿಯುತ್ತಿರುತ್ತವೆ, ತಂಗಿಯನ್ನು ಮುಟ್ಟೋದಿಲ್ಲ. ಇಷ್ಟೂ ಇಂಗ್ಲಿಷಿನಲ್ಲಿ. ವ್ಯಾಕರಣ ಎಲ್ಲೆಲ್ಲಿ ತಪ್ಪಿತ್ತೋ ಗೊತ್ತಿಲ್ಲ, ನಿಂತಿರಲಿಲ್ಲ.

ಮೇಡಂ ಬೋರ್ಡಿನ ಮೇಲೆ ಎರಡು ಪದ ಬರೆದರು. ಕಡ್ಡಿಗೆ ಪೆಡಿಸೆಲ್, ಟೋಪಿಗೆ ಕ್ಯಾಲಿಕ್ಸ್. ನನಗೆ ನಾಚಿಕೆಯಾದದ್ದು ಆಗ. ಎರಡೂ ಪದ ಪಿಯುಸಿಯಿಂದ ಗೊತ್ತು. ಹೂವಿನ ಚಿತ್ರ ಬರೆದು, ಬಾಣ ಹಾಕಿ, ಎಷ್ಟು ಸಲ ಬರೆದಿದ್ದೇನೋ! ಆದರೆ ಪೆಡಿಸೆಲ್ ಅಂದರೆ ನಮ್ಮವ್ವ ಮುರಿಯೋ ತೊಟ್ಟು ಅಂತ ಒಂದು ದಿನವೂ ಹೊಳೆದಿರಲಿಲ್ಲ. ಒಂದು ಪದ ಪುಸ್ತಕದಲ್ಲಿತ್ತು, ಇನ್ನೊಂದು ಮನೆಯಲ್ಲಿತ್ತು, ಎರಡೂ ಭೇಟಿಯಾಗಿರಲಿಲ್ಲ.

ಅವತ್ತಿನಿಂದ ನೋಟ್‌ಬುಕ್ ಬೇರೆ ಥರ ಬರೆಯುತ್ತಿದ್ದೇನೆ. ಮೊದಲು ಡಿಕ್ಷನರಿ ತೆಗೆದು ಇಂಗ್ಲಿಷ್ ಪದಕ್ಕೆ ಕನ್ನಡ ಅರ್ಥ ಬರೆಯುತ್ತಿದ್ದೆ. ಈಗ ಮನೆ ಮಾತಿನಿಂದ ಶುರು. ಎಲೆಗೂ ತೊಟ್ಟು, ಹಣ್ಣಿಗೂ ತೊಟ್ಟು. ಇಂಗ್ಲಿಷಿನಲ್ಲಿ ಎಲೆಯದ್ದು ಪೆಟಿಯೋಲ್, ಹಣ್ಣಿನದ್ದು ಪೆಡಿಸೆಲ್. ಸಿಪ್ಪೆ ಅನ್ನೋ ಒಂದೇ ಪದಕ್ಕೆ ಬಾಳೆಹಣ್ಣಿನಲ್ಲಿ ಪೀಲ್, ಕಲ್ಲಂಗಡಿಯಲ್ಲಿ ರೈಂಡ್, ಶೇಂಗಾದಲ್ಲಿ ಶೆಲ್. ದಿನಕ್ಕೆ ಮೂರು ಪದಕ್ಕಿಂತ ಹೆಚ್ಚು ಬರೆಯೋದಿಲ್ಲ. ಆದರೆ ಬರೆದದ್ದು ಹೋಗೋದಿಲ್ಲ.

ಸೆಮಿನಾರ್ ಆದ ದಿನ ರಾತ್ರಿ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದ್ದೆ. "ತೊಟ್ಟಿಗೆ ಇಂಗ್ಲಿಷ್‌ನ್ಯಾಗ ಏನಂತಾರ?" ಅಂತ ಕೇಳಿದಳು. "ಪೆಡಿಸೆಲ್ ಅಂತಾರಬೇ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನರ ಅನ್ಲಿ ಬಿಡು, ಕಿಲೋಕ್ಕ ಕೊಡೂದು ಅಷ್ಟ" ಅಂದಳು.

ಈಗ ಎಲ್ಲಿದ್ದೇನೆ ಅಂದರೆ, ಓದೋದು ಸಲೀಸು. ಬರೆಯೋದು ನಿಧಾನ, ಆದರೆ ಆಗುತ್ತೆ. ಎದುರಿಗೆ ಮನುಷ್ಯರಿದ್ದರೆ ಮಾತಾಡುತ್ತೇನೆ. ಕೈ, ಮುಖ, ಮೆಣಸಿನಕಾಯಿ ಏನಾದರೂ ನೆರವಿಗೆ ಬರುತ್ತೆ. ಫೋನಿನಲ್ಲಿ ಮಾತ್ರ ಇನ್ನೂ ಬೆವರುತ್ತೇನೆ. "ಪಾರ್ಡನ್" ಅಂತ ಎರಡು ಸಲ ಕೇಳಬಹುದು, ಮೂರನೇ ಸಲ ಕೇಳೋಕೆ ಮನಸ್ಸಾಗದೆ "ಓಕೆ ಸರ್" ಅಂದುಬಿಡುತ್ತೇನೆ. ಹಾಗೆ ಓಕೆ ಅಂದು ಒಮ್ಮೆ ಬೇಡದ ದಿನಕ್ಕೆ ಲ್ಯಾಬ್ ಡ್ಯೂಟಿ ಒಪ್ಪಿಕೊಂಡು ಊರ ಜಾತ್ರೆ ತಪ್ಪಿಸಿಕೊಂಡೆ.

ಇನ್ನೊಂದು, ಜೋಕು. ಹೋದ ತಿಂಗಳು ಹೊರಗಿನಿಂದ ಬಂದ ವಿಜ್ಞಾನಿಯೊಬ್ಬರ ಉಪನ್ಯಾಸವಿತ್ತು, ರೂಮ್‌ಮೇಟೂ ನನ್ನ ಜೊತೆ ಬಂದಿದ್ದಳು. ನಡುವೆ ಅವರೇನೋ ಅಂದರು, ಮುಂದಿನ ಸಾಲಿನವರು ನಕ್ಕರು. ನಾನೂ ನಕ್ಕೆ. ಹೊರಗೆ ಬಂದ ಮೇಲೆ ಮೆಲ್ಲಗೆ ಆಕೆಯನ್ನು ಕೇಳಿದೆ, "ಅವರು ಏನಂದ್ರಲೇ?"

"ಯಾರಿಗೆ ಗೊತ್ತು?" ಅಂದಳು. "ನೀ ನಕ್ಕಿ ಅಂತ ನಾ ನಕ್ಕೆ."